ಮೊದಲು ಎದ್ದವರು

ತಂಗಿ ತೀರಿಕೊಂಡ ಸುದ್ದಿ ಬಂದ ದಿನ, ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಬೀದಿ ಗುಡಿಸುವ ಇಬ್ಬರು ಹೆಂಗಸರು 'ಅಕ್ಕ, ಅಕ್ಕ' ಅಂತ ಅವಳ ವಿಷಯವನ್ನೇ ಮಾತಾಡುತ್ತಿದ್ದರು. ನಾನು ಅವಳ ಅಣ್ಣನೆಂದು ಅವರಿಗೆ ಗೊತ್ತಿರಲಿಲ್ಲ.

"ನಮ್ಮ ಮನೆ ಕೆಡವಬೇಡಿ ಅಂತ ನಗರಸಭೆ ಸಾಹೇಬರ ಬಾಗಿಲಲ್ಲಿ ನಮ್ಮನ್ನ ಕೂರಿಸಿದ್ದು ಅಕ್ಕನೇ. ಮೊದಲು ಎದ್ದವರು ಸೋತ ಹಾಗೆ ಅನ್ನೋರು."

"ಮಂತ್ರಿಗಳೂ ಅವರನ್ನ ನೋಡೇ ಕಲಿತಿದ್ದಾರೆ ಕಣೇ. ನಾಳೆ ನಮ್ಮ ಬೀದಿಗೆ ಬಂದು, ನೆಲದ ಮೇಲೆ ಕೂತು ಕಷ್ಟ ಕೇಳ್ತಾರಂತೆ."

"ಕೆಳಗೆ ಮೆತ್ತೆ ಇರುತ್ತೆ ಬಿಡು. ಮನೆ ಉಳಿಯುತ್ತಾ?"

"ಫೋಟೋ ಆದ ಮೇಲೆ ಎದ್ದು ಹೋಗ್ತಾರೆ, ಅಷ್ಟೇ."

"ಅಕ್ಕನೂ ಇಲ್ಲ. ನಾವೇನು ಮಾಡೋದೇ?"

"ಮಂಡಿ ನೋವಾದ್ರೂ ಕೂತಿರೋದು. ಅವರೇ ಮೊದಲು ಏಳಲಿ."

ಬಸ್ ಬಂತು. ಸೊಂಟ ಹಿಡಿದುಕೊಂಡು ಇಬ್ಬರೂ ಹೋದರು.

ಎಂದೂ ಮೊದಲು ಏಳದ ನನ್ನ ತಂಗಿ ಈ ಸಲ ನಮಗಿಂತ ಮೊದಲೇ ಎದ್ದು ಹೋದಳು. ದೇವರೇ, ಅವಳನ್ನು ನಿನ್ನ ಪಾದದ ಬಳಿ ಕೂರಿಸಿಕೋ. ದಣಿದ ಜೀವಕ್ಕೆ ಶಾಂತಿ ಕೊಡು.