ಹಳದಿ ಬಟನ್

…ಅಯ್ಯೋ, ನಿಂತೇ ಇದೀರಲ್ಲ ಚಿಕ್ಕಗಂಗಕ್ಕ, ಕೂತ್ಕಳಿ. ನಿಮ್ಮನೆಯವ್ರು ಗಂಗಣ್ಣನ ಊಟದ ಡಬ್ಬಿ, ಟವಲ್ಲು, ಶರ್ಟು… ಎಲ್ಲಾ ಈ ಕವರ್‌ನಲ್ಲಿ ಹಾಕಿಟ್ಟಿದೀನಿ. ಡಬ್ಬಿ ನಾನೇ ತೊಳೆದೆ. ನಿಟ್ಟೂರಿಂದ ಒಬ್ರೇ ಬಂದ್ರಾ?

ಏನು, ಈ ಸ್ಕ್ರೀನಾ? ಇಡೀ ಕೋಲ್ಡ್ ಸ್ಟೋರೇಜ್‌ನ ಇದ್ರಲ್ಲೇ ಕಾಯೋದು ನಾನು. ಹನ್ನೆರಡು ರೂಮು, ಬರೀ ಹುಣಸೆಹಣ್ಣು. ಯಾವ ರೂಮು ಎಷ್ಟು ತಣ್ಣಗಿದೆ, ಮಿಷನ್ ರೂಮಲ್ಲಿ ಗ್ಯಾಸ್ ಲೀಕ್ ಆಗ್ತಿದ್ಯಾ… ಏನಾರ ಹೆಚ್ಚುಕಮ್ಮಿ ಆದ್ರೆ ಅಲಾರಂ ಕೂಗ್ತದೆ.

ಗಂಗಣ್ಣ ತೀರ್ಕಂಡ ದಿನ ಕೂಗ್ಲಿಲ್ಲ ಅಕ್ಕ! ಸೆನ್ಸರ್ ಕೆಟ್ಟೋಗಿತ್ತು. ಪೊಲೀಸ್ನೋರ್ಗೂ ಅದ್ನೇ ಹೇಳ್ದೆ. ಗಂಗಣ್ಣ ಒಳಗೆ ಮಿಷನ್‌ಗೆ ಆಯಿಲ್ ಬಿಡ್ತಿತ್ತು, ಗ್ಯಾಸ್ ತುಂಬ್ಕಂತು… ಕೂಗಿದ್ರೆ ಓಡೋಗಿ ಎಳ್ಕಂಡು ಬರ್ತಿರ್ಲಿಲ್ವಾ? ನಂಗೆ ಈ ಕೆಲ್ಸ ಕೊಡ್ಸಿದ್ದೇ ಆವಣ್ಣ!

…ಹೆದ್ರಬೇಡಿ, ಏನಿಲ್ಲ. ಯಾವ್ದೋ ರೂಮಿನ ಬಾಗ್ಲು ತೆಗ್ದಿರ್ತಾರೆ. ನಿಂತೋಯ್ತು ನೋಡಿ. ದಿನಕ್ಕೆ ನಲವತ್ತು ಸಲ ಹಿಂಗೇ. ನೆಲ ತೊಳೆದ್ರೂ ಕೂಗ್ತದೆ, ದರಿದ್ರದ್ದು.

ಮನೇಲೂ ಕೇಳ್ತದೆ ಅಕ್ಕ ಈಗೀಗ. ಕುಕ್ಕರ್ ಕೂಗಿದ್ರೆ ಎದ್ದು ಓಡ್ತೀನಿ. ಮೊನ್ನೆ ನನ್ನ ಮಗ್ಳು ಇಂಪನಾ ಆಟದ ಫೋನ್ ಒತ್ತಿದ್ಲು, ಹೊಡೆದ್ಬಿಟ್ಟೆ. ಮೂರು ವರ್ಷದ ಮಗೀನ! ಸ್ನಾನಕ್ಕೆ ಹೋದ್ರೆ ಗಂಗಣ್ಣ ಕೆಮ್ಮಿದಂಗೆ… ಬಾಗ್ಲು ಬಡಿದಂಗೆ…

ಹೂಂ, ಕಂಪ್ಯೂಟರ್ ಬರೆದಿಟ್ಕಂತದೆ. ಎಷ್ಟೊತ್ತಿಗೆ ಕೂಗ್ತು, ಯಾರು ನಿಲ್ಸಿದ್ರು, ಎಲ್ಲಾ. ಅವತ್ತಿಂದು ಮಾತ್ರ… ಅಳಿಸೋಗಿದೆ. ಯಾರು ಅಳಿಸಿದ್ರೋ ನಂಗೇನ್ ಗೊತ್ತು?

ಟೀ ತರ್ಸ್ಲಾ? ಬೇಡ್ವಾ? ಯಾಕಕ್ಕ, ನನ್ನ ಕೈನೇ ನೋಡ್ತಿದೀರ?

ಈ ಹಳದಿ ಬಟನ್ನಾ? ಕೂಗಿದ್ರೆ ನಿಲ್ಸೋದು, ಅಷ್ಟೇ. ಈಗ… ಈಗ ಒತ್ತಿದ್ನಾ? ಸುಳ್ಳು! ಕೂಗಲೇ ಇಲ್ವಲ್ಲ? ಏನು, ಬೆರಳು ತೋರಿಸ್ತೀರ… ಮೂರು ಸಲಾನಾ? ನೀವು ಬಂದ್ಮೇಲೆ ಮೂರು ಸಲ ಕೂಗ್ತಾ? ನಂಗೆ ಒಂದೇ ಕೇಳಿದ್ದು ಅಕ್ಕ…

ಬೈಯಿರಿ. ಕವರ್ ಎದೆಗೆ ಅವಚ್ಕಂಡು ಹಂಗೆ ನೋಡ್ಬೇಡಿ…

ಒತ್ತಿದೆ. ಅವತ್ತೂ ಒತ್ತಿದೆ. ಯಾವ ರೂಮು ಅಂತ ತಲೆ ಎತ್ತಿ ನೋಡ್ಲಿಲ್ಲ. ಎರಡು ಸಲ ಒತ್ತಿದೆ. ಆಮೇಲೆ ನಾನೇ ಅಳಿಸ್ದೆ.

ಅಗೋ… ಕೂಗ್ತಿದೆ. ಈಗ ಕೇಳ್ತಿದೆ ಅಕ್ಕ. ನಾನು ಒತ್ತಲ್ಲ, ಕೂಗ್ಲಿ. ಎದ್ದೋಗಿ ನೋಡ್ಕಂಡು ಬರ್ತೀನಿ, ಇರಿ. ಮಿಷನ್ ರೂಮು ಇಲ್ಲೇ… ಹದಿನೈದು ಹೆಜ್ಜೆ.