ಹೊಳೆಯಾಚೆಗೆ ಒಂದೋ ಸೊನ್ನೆಯೋ

...ಅಲ್ಲ ಸೇಸಮ್ಮಕ್ಕ, ಪೆನ್ನು ಹಿಡಿದುಕೊಂಡು ಹೀಗೆ ನನ್ನ ಮುಖ ನೋಡುವುದೆಂತ? ಒಂದು ಸಹಿ ಅಷ್ಟೆ ಮಾರಾಯ್ರೆ. ಈ ಭಾಗದ ಆಶಾ ಕಾರ್ಯಕರ್ತೆಯರಲ್ಲಿ ನೀವೇ ಹಿರಿಯರು. ನೀವು "ಶೋಧನ್ ಹದಿನೆಂಟು ಊರಿಗೂ ಹೋಗಿ ವಿಚಾರಿಸಿದ್ದಾನೆ, ಸರಿ ಉಂಟು" ಅಂತ ಬರೆದರೆ ನನ್ನ ಪಿಎಚ್‌ಡಿ ದಡ ಸೇರ್ತದೆ. ಇಲ್ಲದಿದ್ದರೆ ಐದು ವರ್ಷ ನೀರಲ್ಲಿ ಹೋಮ.

ಪುನಃ ಹೇಳಬೇಕಾ? ಹೇಳ್ತೇನೆ. ಇದು ಯಾವ ಊರಿಗೆ ಯಾವ ಊರು ನೆರೆ ಅನ್ನುವ ಕೋಷ್ಟಕ. ಜನ ದಿನಾ ಹೋಗಿ ಬಂದು ಮಾಡಿದರೆ ಒಂದು, ಇಲ್ಲದಿದ್ದರೆ ಸೊನ್ನೆ. ಡೆಂಗಿ ಎಲ್ಲಿಂದ ಎಲ್ಲಿಗೆ ದಾಟಿತು ಅನ್ನುವ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿರುವುದು. ನಾಲ್ಕು ನೆರೆ ಇದ್ದರೆ ಒಂದೊಂದಕ್ಕೆ ಕಾಲು ಪಾಲು... ಯಾಕೆ ನಗುವುದು? ಜಾಗದ ಪಾಲಲ್ಲ ಅಕ್ಕ, ಪ್ರಭಾವದ ಪಾಲು!

ಗಡಿ ತಾಗಿದರೆ ಸಾಕು, ಕಂಪ್ಯೂಟರ್ ಕಣ್ಣು ಮುಚ್ಚಿ ಒಂದು ಹಾಕ್ತದೆ. ಮಧ್ಯೆ ಹೊಳೆ ಉಂಟು ಅಂತ ಅದಕ್ಕೆಂತ ಗೊತ್ತು? ಗಡಿಯಲ್ಲಿರುವ ಕನ್ಯಾನ ಊರಿನದ್ದು ಇನ್ನೂ ಪಂಚಾತಿಗೆ, ದೊಡ್ಡ ತಲೆನೋವು. ನಕ್ಷೆ ಕೇರಳದ ಗಡಿಗೇ ಮುಗೀತದೆ, ಅರ್ಧಕ್ಕರ್ಧ ನೆರೆಯೇ ಇಲ್ಲ. ಸೊಳ್ಳೆ ಚೆಕ್‌ಪೋಸ್ಟಿನಲ್ಲಿ ನಿಲ್ತದಾ? ಅದಕ್ಕೇ ನಮ್ಮ ಸರ್ ಹೇಳಿದ್ದು, ಊರೂರಿಗೆ ಹೋಗಿ ಕೇಳಿಕೊಂಡು ಬಾ ಅಂತ. ಹೋದೆ. ಹದಿನೆಂಟಕ್ಕೂ ಹೋದೆ.

ನಿಮ್ಮೂರಿಗೂ ಹೊಳೆಯಾಚೆಗೂ ಯಾಕೆ ಒಂದು ಅಂತಲಾ ನೋಡುವುದು? ಮೊನ್ನೆ ಶನಿವಾರ ನಾನೇ ದೋಣಿಯಲ್ಲಿ ದಾಟಿದೆ ಅಕ್ಕ. ದೋಣಿಯವರು ಹುಕ್ರಪ್ಪಣ್ಣ... ಎಂಥ ಮಾತುಗಾರ! ದಿನಕ್ಕೆ ನಲವತ್ತು ಜನ ದಾಟ್ತಾರೆ ಅಂತ ಅವರೇ ಹೇಳಿದ್ದು. ಇಳಿಯುವಾಗ ಬೀಡಿ ಕೊಡ್ಲಿಕ್ಕೆ ಬಂದರು, ನಾನು ಬೇಡ ಅಂದೆ... ಹೌದಕ್ಕ, ಮೊನ್ನೆ ಶನಿವಾರವೇ. ಎಂತ?

ಓ, ಯಾರೋ ಬಂದರು. ಬನ್ನಿ ಅಣ್ಣ, ಕೂತುಕೊಳ್ಳಿ. ಜ್ವರದ ಮಾತ್ರೆಗಾ? ಕೊಡಿ ಅಕ್ಕ, ಅವರಿಗೆ ಮೊದಲು ಕೊಡಿ, ಪಾಪ, ನಡುಗ್ತಾ ಇದ್ದಾರೆ... ಹದಿನೈದು ದಿನದಿಂದ ಮಲಗಿದಲ್ಲೇ ಅಂತೀರಾ? ಛೆ. ಕೆಲಸವೆಲ್ಲ... ದೋಣಿ ಕಟ್ಟಿ ಹಾಕಿದ್ದಾ?

ದೋಣಿ.

ನಾನು ಯಾರು ಅಂತಲಾ, ಹುಕ್ರಪ್ಪಣ್ಣ? ನಾನು... ಮೂಡಬಿದ್ರೆಯಿಂದ. ಇಲ್ಲ ಇಲ್ಲ, ನಾವು ಮೊದಲು ಸಿಕ್ಕಿದ್ದಿಲ್ಲ.

ಸೇಸಮ್ಮಕ್ಕ, ಹೀಗೆ ನೋಡಬೇಡಿ. ಇದೊಂದು ಊರಿನದ್ದು ಮಾತ್ರ ಸ್ವಲ್ಪ ಅಂದಾಜಿಗೆ... ಹಾಳೆ ಯಾಕೆ ಮಗುಚುವುದು? ಅದು ಪುಂಜಾಲಕಟ್ಟೆಯ ಕಡೆಯದ್ದು. ಅದೆಲ್ಲ ಸರಿ ಉಂಟು... ಉಂಟು ಅಂತ ಕಾಣ್ತದೆ. ಬೈಯುವುದಾದರೆ ಬೈದುಬಿಡಿ ಅಕ್ಕ, ಪೆನ್ನು ಮಾತ್ರ ಕೆಳಗೆ ಇಡಬೇಡಿ.

ಇಡೀ ಕೋಷ್ಟಕ ಸಿದ್ಧಕಟ್ಟೆಯ ಹೋಟೆಲಿನಲ್ಲಿ ಕೂತು ತುಂಬಿಸಿದೆ. ಎರಡು ದಿನ, ಬನ್ಸ್ ತಿಂದುಕೊಂಡು. ಹುಕ್ರಪ್ಪಣ್ಣನ ಹೆಸರು ಹೇಳಿದ್ದು ಅಲ್ಲಿಯ ಸಪ್ಲಾಯರ್. ಹದಿನೆಂಟರಲ್ಲಿ ಒಂದಕ್ಕೂ ಹೋಗಲಿಲ್ಲ.

ಇಲ್ಲ, ಇನ್ನು ಸುಳ್ಳು ಹೇಳುವುದಿಲ್ಲ. ಒಂದಕ್ಕೆ ಬಂದಿದ್ದೇನೆ. ನಿಮ್ಮೂರಿಗೆ. ಇವತ್ತು. ಸಹಿಗೆ.