ಉಳಿ ಡಬ್ಬಿಯಲ್ಲಿದ್ದ ಸ್ಟೀರಾಯ್ಡ್

ಎದೆರೋಗದ ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ, ನನ್ನ ಪಕ್ಕ ಒಬ್ಬ ಬಡಗಿ ಮತ್ತು ಅವನ ಅಕ್ಕ ಕೂತಿದ್ದರು. ಅವನ ತೋಳಿನ ಮೇಲೆ ಮರದ ಪುಡಿ, ಎದೆಯೊಳಗೆ ಸಿಳ್ಳೆ.

“ಡಾಕ್ಟರು ನನ್ನನ್ನ ಹೊಗಳಿದ್ರು ಅಕ್ಕ. ಅವರ ಸಂಶೋಧನೆಗೆ ನನ್ನಂಥೋರು ಸಿಗೋದೇ ಅಪರೂಪವಂತೆ.”

“ಅದೇನು ಕಡಿದು ಕಟ್ಟೆ ಹಾಕಿದೆ?”

“ಉಸಿರಿನ ನಾಳದಲ್ಲಿ ಪೆಪ್ಟೈಡ್ ಅಂತ ಇರ್ತಾವಂತೆ, ರೋಗಾಣು ಕೊಲ್ಲೋವು. ಅಲರ್ಜಿ ಆಸ್ತಮಾದೋರು ಸ್ಟೀರಾಯ್ಡ್ ಸೇದಿದ್ರೆ ಅವು ಹೆಚ್ಚಾಗ್ತಾವೋ ಕಡಿಮೆಯಾಗ್ತಾವೋ ಅಂತ ಕಫ ತಗೊಂಡು ನೋಡ್ತಿದ್ದಾರೆ.”

“ನಿಂದೇನಾಯ್ತು?”

“ಎರಡು ತಿಂಗಳು ಸೇದಿದ್ರೂ ಒಂಚೂರೂ ಬದಲಾಗಿಲ್ಲ! ಆಶ್ಚರ್ಯಪಟ್ರು.”

ಅಕ್ಕ ಕೈಚೀಲದಿಂದ ಇನ್ಹೇಲರ್ ತೆಗೆದು ಅದರ ಬೆನ್ನಿನ ಅಂಕಿ ತೋರಿಸಿದಳು.

“ನಿನ್ನ ಉಳಿ ಡಬ್ಬಿಯಲ್ಲಿತ್ತು. ನೂರಿಪ್ಪತ್ತು ಸಲಕ್ಕೆ ಬರೋದು, ಇನ್ನೂ ನೂರಹದಿನೆಂಟು ಉಳಿದಿದೆ.”

“ಸ್ಟೀರಾಯ್ಡ್ ಅಂದ್ರೆ ಭಯ ಅಕ್ಕ.”

“ಮರದ ಪುಡಿಗೆ ಭಯ ಇಲ್ಲ. ಅದನ್ನ ದಿನಾ ತಪ್ಪದೆ ಸೇದ್ತೀಯ. ಮತ್ತೆ ಅವರ ಚೀಟಿಯಲ್ಲಿ ದಿನಕ್ಕೆರಡು ಸಲ ಗುರುತು ಹಾಕಿದ್ದು ಯಾರು?”

“ಹಾಕದಿದ್ರೆ ಬೇಜಾರು ಮಾಡ್ಕೋತಾರೆ. ಒಳ್ಳೇ ಮನುಷ್ಯ.”

“ಔಷಧ ಉಳಿಗಳಿಗೆ ಕೊಟ್ಟು ಕಫ ನಿಂದು ಕೊಟ್ರೆ ಏನು ಬದಲಾಗತ್ತೆ? ಉಳಿಗಳದ್ದು ನೋಡ್ಬೇಕಿತ್ತು. ಚೆನ್ನಾಗಿ ಉಸಿರಾಡ್ತಿರ್ತಾವೆ.”

ನರ್ಸ್ ಅವನನ್ನು ಕರೆದಳು. ಎದ್ದವನು ಎರಡೇ ಹೆಜ್ಜೆಗೆ ಗೋಡೆ ಹಿಡಿದು ನಿಂತ.

“ಒಳಗೆ ಹೇಳ್ಬೇಡ ಅಕ್ಕ. ಪಾಪ, ಅವರಿಗೆ ಬೇಜಾರಾಗತ್ತೆ.”

ಅವಳು ಅವನ ರಟ್ಟೆ ಹಿಡಿದಳು.

“ಹೇಳಲ್ಲಪ್ಪ. ನೀನು ಉಸಿರು ಕಟ್ಟಿ ಸಾಯಿ, ಅವರು ಖುಷಿಯಾಗಿ ಬರ್ಕೊಳ್ಳಲಿ.”

ಇಬ್ಬರೂ ಒಳಗೆ ಹೋದರು. ಇನ್ಹೇಲರನ್ನು ಅಕ್ಕ ಅಂಕಿ ಕಾಣುವಂತೆ ಮುಂದೆ ಹಿಡಿದಿದ್ದಳು.